ಕೇಳಿದ್ದು ಕೇಳಿಸಲಿಲ್ಲ

ಲಂಚ ಕೇಳುವವನಿಗೆ ತನ್ನ ಬಾಯಿ ಎಷ್ಟು ಮುಖ್ಯವೋ ಎದುರಿನವರ ಕಿವಿಯೂ ಅಷ್ಟೇ ಮುಖ್ಯ. ಲಂಚದ ವಿರುದ್ಧ ಮೂವತ್ತು ವರ್ಷ ಧರಣಿ ಕೂತು, ಘೋಷಣೆ ಕೂಗಿ ಗಂಟಲು ಹರಿದುಕೊಂಡ ನಮ್ಮ ಸಂಘದವರಿಗೆ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ. ತೋರಿಸಿಕೊಟ್ಟವಳು ಎರಡೂ ಕಿವಿ ಕೇಳಿಸದ ಒಬ್ಬ ದರ್ಜಿ ಹೆಂಗಸು.

ಅವಳನ್ನು ಎಲ್ಲರೂ ಟೇಪಕ್ಕ ಎನ್ನುತ್ತಾರೆ. ಅಳತೆ ಟೇಪು ಅವಳ ಕೊರಳಿಂದ ಇಳಿದದ್ದನ್ನು ಕಂಡವರಿಲ್ಲ. ಹದಿನೆಂಟು ವರ್ಷ ನೂಲಿನ ಗಿರಣಿಯಲ್ಲಿ ದುಡಿದಳು. ಗಿರಣಿ ಅವಳಿಗೆ ಕೊಟ್ಟದ್ದು ಎರಡು: ಕೆಮ್ಮು ಮತ್ತು ಕಿವುಡು. ಕೆಮ್ಮು ವಾಸಿಯಾಯಿತು, ಕಿವುಡು ನಿಂತಿತು. ಗಿರಣಿ ಬಾಗಿಲು ಹಾಕಿದ ಮೇಲೆ ಮಾವನ ಹೊಲಿಗೆ ಮಷೀನಿನ ಮುಂದೆ ಕೂತಳು. ಮಾವ ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ, ಬೈಯುವುದರಲ್ಲಿಯೂ ಅಷ್ಟೇ. ಬೈಗುಳ ಸೊಸೆಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ವಿದ್ಯೆ ಬೇಗ ಹತ್ತಿತು. ನೇರ ಮುಖ ನೋಡಿ ಮಾತಾಡಿದರೆ ತುಟಿ ನೋಡಿಯೇ ತಿಳಿದುಕೊಳ್ಳುತ್ತಾಳೆ. ಮುಖ ತಿರುಗಿಸಿದಿರೋ, ನೀವು ಗೋಡೆಯ ಜೊತೆ ಮಾತಾಡುತ್ತಿದ್ದೀರಿ ಎಂದೇ ಲೆಕ್ಕ.

ಅವಳ ಅಂಗಡಿಗೆ ಒಂದು ಕಾನೂನಿದೆ. ಹಿಂದೆ ಒಬ್ಬ ಮೇಷ್ಟ್ರು ಅಂಗಿಗೆ ಅರ್ಧ ತೋಳು ಹೇಳಿ, ಹೊಲಿದ ಮೇಲೆ "ತುಂಬು ತೋಳು ಅಂದಿದ್ದೆ, ಕಿವುಡಿಗೆ ಏನು ಹೇಳಿದ್ರೇನು" ಎಂದು ಬೀದಿಯಲ್ಲಿ ನಿಂತು ಜಗಳ ತೆಗೆದ. ಅವತ್ತೇ ಅವಳು ಚೀಟಿ ಪುಸ್ತಕ ತಂದಳು. ಕೆಳಗೆ ಕಾರ್ಬನ್ನು. ಏನು ಹೊಲಿಯಬೇಕು, ಅಳತೆ, ಕೂಲಿ, ಕೊಡುವ ದಿನ, ಕೊನೆಗೆ ಗಿರಾಕಿಯ ಸಹಿ. ಚೀಟಿ ಇಲ್ಲದೆ ಕತ್ತರಿ ಎತ್ತುವುದಿಲ್ಲ, ಕೂಲಿ ಬಾರದೆ ಬಟ್ಟೆ ಬಿಡುವುದಿಲ್ಲ. ಸ್ವಂತ ಗಂಡ ಪೈಜಾಮಕ್ಕೆ ಲಾಡಿ ಹಾಕಿಸಬೇಕಾದರೂ ಸಹಿ ಹಾಕಬೇಕು.

ಹೀಗಿರುವಾಗ ರಸ್ತೆ ಅಗಲ ಮಾಡುವವರು ಬಂದು ಅಂಗಡಿಯ ಬಾಗಿಲಿಗೆ ಕೆಂಪು ಬಣ್ಣದ ಗೀಟು ಎಳೆದು ಹೋದರು. ಬಸ್ ನಿಲ್ದಾಣದ ಪಕ್ಕ ಕಟ್ಟಿದ ಹೊಸ ಮಳಿಗೆಗಳಲ್ಲಿ ಒಂದನ್ನು ಅಂಗವಿಕಲರಿಗೆ ಮೀಸಲಿಟ್ಟಿದ್ದರು. ಅದು ಸಿಗಬೇಕಾದರೆ ಇಪ್ಪತ್ತು ದಿನದೊಳಗೆ ಕಿವುಡಿನ ಸರ್ಟಿಫಿಕೇಟ್ ತರಬೇಕು. ತಾರದಿದ್ದರೆ ಮಷೀನು ಮನೆಗೆ. ಆ ಮನೆಯೊಳಗೆ ಮಷೀನು ಬರಬೇಕಾದರೆ ಮಂಚ ಹೊರಗೆ ಹೋಗಬೇಕು. ಮಂಚದ ಮೇಲೆ ಗಂಡ ಮಲಗಿರುತ್ತಾನೆ.

ಆಸ್ಪತ್ರೆಯ ಡಾಕ್ಟರು ಕಿವಿಗೆ ಯಂತ್ರ ಸಿಕ್ಕಿಸಿ ಪರೀಕ್ಷೆ ಮಾಡಿ, ಎರಡೂ ಕಿವಿ ಹೋಗಿವೆ ಎಂದು ಬರೆದುಕೊಟ್ಟರು. ಉಳಿದದ್ದು ಪಕ್ಕದ ಕಟ್ಟಡದಲ್ಲಿ ಗುಮಾಸ್ತನ ಮೊಹರು ಮಾತ್ರ. ಈ ಗುಮಾಸ್ತನಿಗೆ ಜನ ಇಟ್ಟ ಹೆಸರು ಪಿಸುರಾಯ. ಕೇಳಬೇಕಾದ್ದನ್ನು ಅವನು ಮುಖ ನೋಡಿ ಕೇಳುವವನಲ್ಲ. ಮೇಜಿನ ಡ್ರಾಯರು ಎಳೆದು, ಅದರೊಳಗೆ ತಲೆ ಇಟ್ಟು, ಡ್ರಾಯರಿಗೆ ಹೇಳುತ್ತಿದ್ದ. ನಾಳೆ ಯಾರಾದರೂ ದೂರು ಕೊಟ್ಟರೆ "ನಾನು ಅವರ ಜೊತೆ ಮಾತೇ ಆಡಿಲ್ಲ" ಎನ್ನಬಹುದಲ್ಲ!

ಹಿಂದೊಂದು ಧರಣಿಯಲ್ಲಿ ಲಾಠಿ ತಿಂದ ನನ್ನ ಮಂಡಿಗೊಂದು ಕಾಗದ ಮಾಡಿಸಲು ಅವತ್ತು ನಾನೂ ಅದೇ ಸಾಲಿನಲ್ಲಿ ನಿಂತಿದ್ದೆ. ಟೇಪಕ್ಕನ ಜೊತೆ ಅವಳ ನಾದಿನಿ ಬಂದಿದ್ದಳು. ಗುಂಡಿ ಕಾಜಾ ಮಾಡುವ ಹೆಂಗಸು, ಅತ್ತಿಗೆಯ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಾಳೆ. ಸಾಕ್ಷಿ ಇರಬಾರದೆಂದು ಪಿಸುರಾಯ ಅವಳನ್ನು ಜೆರಾಕ್ಸಿಗೆ ಓಡಿಸಿದ. ಆಮೇಲೆ ಡ್ರಾಯರು ಎಳೆದ.

"ಎಲ್ಲಾ ಸರಿ ಇದೆ. ಸ್ವಲ್ಪ ನೋಡ್ಕೊಂಡ್ರೆ ಇವತ್ತೇ ಮಾಡ್ಕೊಡ್ತೀನಿ."

ಡ್ರಾಯರಿಗೆ ಕೇಳಿಸಿತು. ಟೇಪಕ್ಕನಿಗೆ ಕೇಳಿಸಲಿಲ್ಲ.

"ಏನ್ ಸಾರ್?"

"ನೋಡ್ಕೋಬೇಕು ಅಂದೆ."

"ಆಂ?"

ಅವನಿಗೆ ರೇಗಿತು. ತಲೆ ಎತ್ತಿದ. "ಕೇಳಿದ್ದು ಕೇಳಿಸಲ್ವೇನಮ್ಮಾ?"

"ಕೇಳಿಸಲ್ಲ ಅಂತಾನೇ ಅಲ್ವಾ ಸಾರ್ ಸರ್ಟಿಫಿಕೇಟ್ ಕೇಳ್ತಿರೋದು!"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಟ್ಟಿಯಾಗಿ ಕೇಳಲು ಅವನಿಗೆ ಧೈರ್ಯವಿಲ್ಲ, ಕೇಳದೇ ಬಿಡಲು ಮನಸ್ಸಿಲ್ಲ. ಕೊನೆಗೆ ಮೇಜಿನ ಮೇಲೆ ಒಂದು ಕೈ ಇಟ್ಟು, ಹೆಬ್ಬೆರಳಿಗೆ ತೋರುಬೆರಳು ತಿಕ್ಕಿ ತೋರಿಸಿದ. ಲೋಕದಲ್ಲಿ ಯಾರಿಗೆ ಬೇಕಾದರೂ ಅರ್ಥವಾಗುವ ಸನ್ನೆ. ಆದರೆ ದರ್ಜಿಗಳ ಲೋಕ ಬೇರೆ. ಅಲ್ಲಿ ಬೆರಳು ತಿಕ್ಕುವುದು ಬಟ್ಟೆಯ ಪೋತು, ಅಂದರೆ ಅದರ ದಪ್ಪ ನಯ, ನೋಡುವಾಗ.

ಟೇಪಕ್ಕನ ಮುಖ ಅರಳಿತು. "ಓ, ಬಟ್ಟೆನಾ ಸಾರ್! ಮೊದಲೇ ಹೇಳೋದಲ್ವಾ? ಉಣ್ಣೇದಾ, ನೂಲಿಂದಾ? ಹೊಲಿಸ್ಬೇಕಾಗಿರೋದು ಏನು?"

ಪಿಸುರಾಯ ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟ. ನಂತರ ಅವನ ಮುಖದಲ್ಲಿ ಲೆಕ್ಕ ಓಡಿತು. ಮನೆಯಲ್ಲಿ ಮದುವೆ, ಹಳೆಯ ಕೋಟಿನ ಗುಂಡಿ ಹೊಟ್ಟೆಗೆ ಶರಣಾಗಿ ಎಷ್ಟೋ ವರ್ಷವಾಗಿತ್ತು. ತುಟಿ ಅಗಲಿಸಿ, ಶಬ್ದ ಬಾರದಂತೆ ಹೇಳಿದ: "ಕೋಟು."

ಹೇಳಿ ಮುಗಿಯುವುದರೊಳಗೆ ಟೇಪು ಅವನ ಸೊಂಟ ಸುತ್ತಿತ್ತು. ಮೇಜು ದಾಟಿ ಹೋಗಿದ್ದ ಹೆಂಗಸು ಎದೆ, ಬೆನ್ನು, ತೋಳು ಎಲ್ಲ ಅಳೆದಳು. ಚೀಟಿ ಪುಸ್ತಕ ತೆಗೆದು ಬರೆದಳು. ಇವನೂ ಹುರುಪಿನಿಂದ ತನ್ನ ಎದೆಯ ಎರಡು ಕಡೆ ಮುಟ್ಟಿ ತೋರಿಸಿದ: ಒಳಜೇಬು, ಈ ಕಡೆ ಒಂದು, ಆ ಕಡೆ ಒಂದು. ಅದನ್ನೂ ಬರೆದಳು. ಪುಸ್ತಕವನ್ನು ಅವನ ಮುಂದೆ ತಳ್ಳಿ, ಸಹಿಯ ಜಾಗದ ಮೇಲೆ ಬೆರಳಿಟ್ಟಳು.

ಇಲ್ಲಿ ಆ ಕಚೇರಿಯ ಧರ್ಮವೊಂದನ್ನು ಹೇಳಬೇಕು. ಅಲ್ಲಿ ಕಾಗದ ಮುಂದೆ ಬಂದರೆ ಯಾರೂ ಓದುವುದಿಲ್ಲ. ಸಹಿ ಎಲ್ಲಿ ಎಂದು ಮಾತ್ರ ನೋಡುತ್ತಾರೆ. ಇಪ್ಪತ್ತಾರು ವರ್ಷದ ಅಭ್ಯಾಸ. ಪಿಸುರಾಯ ಸಹಿ ಗೀಚಿದ, ಕೈ ತಾನೇ ಹೋಗಿ ಮೊಹರನ್ನೂ ಗುದ್ದಿಬಿಟ್ಟಿತು.

ಜೆರಾಕ್ಸ್ ಹಿಡಿದು ಬಂದ ನಾದಿನಿ ಚೀಟಿ ಓದಿ ಹಣೆ ಚಚ್ಚಿಕೊಂಡಳು. ಹೊಲಿಯುವುದು: ಕೋಟು ಒಂದು, ಬಟ್ಟೆ ಅಂಗಡಿಯದು. ಕೂಲಿ: ಕಿವುಡಿನ ಸರ್ಟಿಫಿಕೇಟ್ ಒಂದು.

"ಅಯ್ಯೋ ಅತ್ತಿಗೆ, ಅವ್ನು ಕೇಳಿದ್ದು ಬಟ್ಟೆ ಅಲ್ಲ ಕಣೇ, ದುಡ್ಡು! ಲಂಚ!"

ತುಟಿ ನೋಡುತ್ತಿದ್ದ ಟೇಪಕ್ಕ ಚೀಟಿಯನ್ನು ಅವಳ ಕೈಯಿಂದ ಈಸಿಕೊಂಡಳು. ಆಮೇಲೆ "ದುಡ್ಡಾದ್ರೆ ಬಾಯಿಬಿಟ್ಟು ಕೇಳ್ಬೇಕಿತ್ತು" ಎಂದಳು. "ನಾನು ಬರ್ಕೊಂಡಿದ್ದು ಕೋಟು."

ನಾನು ನಡುವೆ ಬಾಯಿ ಹಾಕಿದೆ. "ಅಕ್ಕಾ, ಹೊಲೀಬೇಡ. ಸೋಮವಾರ ಸಂಘದೋರೆಲ್ಲ ಬಂದು ಬಾಗಿಲಲ್ಲಿ ಕೂರ್ತೀವಿ."

"ಕೂತ್ಕೊಳಪ್ಪ, ಯಾರು ಬೇಡ ಅಂದ್ರು. ನಿಮ್ಮ ಧರಣಿ ಮುಗಿಯೋ ಹೊತ್ತಿಗೆ ನನ್ನಂಗ್ಡಿ ಮೇಲೆ ಬಸ್ಸು ಓಡಾಡ್ತಿರುತ್ತೆ."

ನಾನು ಮಂಡಿ ಹಿಡಿದುಕೊಂಡು ಸಾಲಿಗೆ ಮರಳಿದೆ.

ಚೀಟಿಯಲ್ಲಿ ಬರೆದ ದಿನಕ್ಕೆ ಸರಿಯಾಗಿ ಟೇಪಕ್ಕ ಕೋಟನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹಾಜರಾದಳು. ಮಳಿಗೆಗೆ ಇನ್ನು ಮೂರೇ ದಿನ ಬಾಕಿ. ನಾದಿನಿ ಬೆನ್ನಿಗಿದ್ದಳು. ನನ್ನ ಮಂಡಿಯ ಕಾಗದವೂ ಆಗಿರಲಿಲ್ಲವಾದ್ದರಿಂದ ನಾನೂ ಇದ್ದೆ. ಈ ಸಲ ಪಿಸುರಾಯ ಹುಷಾರಾಗಿ, ಮುಖ ನೋಡಿಯೇ ತುಟಿ ಆಡಿಸಿದ.

"ಕೋಟು ಇಟ್ಟು ಹೋಗು. ಮುಂದಿನ ವಾರ ಬಾ. ಮೇಲಿನೋರಿಗೂ ಒಂದು ಹೊಲಿಬೇಕಾಗುತ್ತೆ."

"ಕೂಲಿ ಕೊಡಿ ಸಾರ್, ಕೋಟು ತಗೊಳ್ಳಿ."

"ಕೂಲಿ ಗೀಲಿ ಏನೇ? ಇದೇನು ನಿನ್ನಂಗ್ಡೀನಾ?"

ಟೇಪಕ್ಕ ಕೋಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಗಿರಾಕಿ ಕೂಲಿ ಕೊಡದಿದ್ದರೆ ಅವನ ಮನೆಯ ಹಿರಿಯರಿಗೆ ಹೇಳುವುದು ಅವಳ ಪದ್ಧತಿ. ಈ ಮನೆಯ ಹಿರಿಯರು ಎದುರಿನ ಕೋಣೆಯಲ್ಲಿದ್ದ ಮೇಲಧಿಕಾರಿ ಮೇಡಂ. ಸೀದಾ ಒಳಗೆ ನುಗ್ಗಿ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಮೇಡಂ, ನಿಮ್ ಗುಮಾಸ್ತರು ನನ್ ಕೂಲಿ ಬಾಕಿ ಇಟ್ಕೊಂಡವ್ರೆ. ಕೊಡ್ಸಿ."

ಆ ಮೇಡಂ ಪ್ರಾಮಾಣಿಕಳೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿಲು ತೆರೆದಿತ್ತು, ಹೊರಗೆ ನಲವತ್ತು ಜನ ಕತ್ತು ಉದ್ದ ಮಾಡಿ ನಿಂತಿದ್ದರು. ಅಷ್ಟು ಜನರ ಮುಂದೆ ಎಲ್ಲರೂ ಪ್ರಾಮಾಣಿಕರೇ. ಅವಳು ಚೀಟಿಯನ್ನು ಎರಡು ಸಲ ಓದಿದಳು. ಆ ಕಟ್ಟಡದಲ್ಲಿ ಒಂದು ಕಾಗದವನ್ನು ಪೂರ್ತಿ ಓದಿದ್ದು ಅದೇ ಮೊದಲಿರಬೇಕು. ಪಿಸುರಾಯನನ್ನು ಕರೆಸಿದಳು.

"ನನ್ನ ಸಹಿ ಅಲ್ಲ ಮೇಡಂ. ಮೊಹರು ಮೇಜಿನ ಮೇಲೇ ಇರುತ್ತೆ, ಯಾರು ಬೇಕಾದ್ರೂ ಒತ್ಕೋಬಹುದು. ಈ ಕೋಟು ಯಾರದೋ ಏನೋ."

ನಾದಿನಿ ಅದನ್ನು ಅತ್ತಿಗೆಗೆ ಮುಖಾಮುಖಿ ದಾಟಿಸಿದಳು. "ಕೋಟು ಅವ್ನದಲ್ವಂತೆ!"

ಲಂಚ, ಗಿಂಚ ಯಾವುದಕ್ಕೂ ಕೆಂಪಾಗದ ಟೇಪಕ್ಕನ ಮುಖ ಈಗ ಕೆಂಪಾಯಿತು. ಅವಳ ಅಳತೆಯನ್ನೇ ಸುಳ್ಳು ಎಂದಿದ್ದ. ಕೊರಳಿನ ಟೇಪು ಎಳೆದು ಅವನಿಗೆ ಮತ್ತೆ ಸುತ್ತಿದಳು. "ಮೇಡಂ, ನೀವು ಚೀಟಿ ಓದ್ತಾ ಹೋಗಿ."

ಮೇಡಂ ಓದಿದಳು. "ಸೊಂಟ ನಲವತ್ನಾಲ್ಕು."

"ನಲವತ್ನಾಲ್ಕು!" ನಾದಿನಿ ಟೇಪು ನೋಡಿ ಸಾಲಿನವರಿಗೆ ಕೂಗಿದಳು.

"ಎಡ ಹೆಗಲು ಬಲಕ್ಕಿಂತ ಮುಕ್ಕಾಲು ಇಂಚು ಕೆಳಗೆ."

"ಡ್ರಾಯರಿಗೆ ಬಗ್ಗಿ ಬಗ್ಗಿ ಹಂಗಾಗಿರೋದು" ಎಂದಿತು ಸಾಲಿನ ಒಂದು ಗಂಟಲು. ಸಾಲಿಗೆ ಸಾಲೇ ಹೋ ಎಂದಿತು.

ಬೆವರಿದ ಪಿಸುರಾಯನ ತೋಳನ್ನು ಹಿಡಿದು ಟೇಪಕ್ಕ ಕೋಟಿನೊಳಗೆ ತೂರಿಸಿದಳು. ಅವಳ ಕೈಯ ಕೆಲಸವನ್ನು ನಾನು ಏನೆಂದು ಹೇಳಲಿ! ತಗ್ಗಿದ ಹೆಗಲು ಎದ್ದು ನಿಂತಿತು, ಹೊಟ್ಟೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಳ್ಳನೊಬ್ಬ ಕಣ್ಣೆದುರೇ ಮಂತ್ರಿಯಾದ. ಮೂಲೆಯ ಬೀರುವಿನ ಗಾಜಿನಲ್ಲಿ ತನ್ನನ್ನು ಕಂಡು ಅವನೂ ಮೈಮರೆತ. ಆ ಕಡೆ ತಿರುಗಿದ, ಈ ಕಡೆ ತಿರುಗಿದ, ಎದೆಯೊಳಗೆ ಕೈ ತೂರಿಸಿದ. ತಡಕಾಡಿದ. ಮುಖ ಗಂಟಿಕ್ಕಿತು.

"ಏನಮ್ಮ ಇದು! ಎರಡು ಒಳಜೇಬು ಹೇಳಿದ್ನಲ್ಲ, ಒಂದೂ ಇಲ್ಲ!"

ನಲವತ್ತು ಕತ್ತುಗಳೂ ಅವನ ಕಡೆ ತಿರುಗಿದವು. ಅವನ ಕೈ ಕೋಟಿನೊಳಗೇ ಉಳಿಯಿತು.

ಟೇಪಕ್ಕ ತಣ್ಣಗೆ ಹೇಳಿದಳು: "ಒಂದು ವೇಳೆ ಕೂಲಿ ಕೊಡ್ಲಿಲ್ಲ ಅಂದ್ರೆ ಬೇರೆಯೋರಿಗೆ ಮಾರ್ಬೇಕಲ್ಲ ಸಾರ್. ಬೇರೆಯೋರು ಅಷ್ಟೊಂದು ಜೇಬು ಕೇಳಲ್ಲ."

ಮೇಡಂ ಆ ಕ್ಷಣವೇ ಮೊಹರು ತರಿಸಿದಳು. ಸರ್ಟಿಫಿಕೇಟ್ ಕೊಡುವಾಗ ಗತ್ತಿಗೊಂದು ಪ್ರಶ್ನೆ ಎಸೆದಳು: "ಲಂಚ ಕೊಡೋದೂ ತಪ್ಪೇ ಅಲ್ವೇನಮ್ಮ?"

"ಎಲ್ಲಿ ಕೊಟ್ಟೆ ಮೇಡಂ?" ಎನ್ನುತ್ತ ಟೇಪಕ್ಕ ಪಿಸುರಾಯನ ಮೈಮೇಲಿಂದ ಕೋಟು ಬಿಚ್ಚಿಕೊಂಡಳು. "ನನ್ ಕೂಲಿ ನೀವು ಕೊಟ್ರಿ. ಇದು ಅವರದ್ದಲ್ಲ ಅಂತ ಅವರೇ ಹೇಳವ್ರಲ್ಲ."

ಪಿಸುರಾಯ ಜೈಲಿಗೆ ಹೋದ ಎಂದು ಬರೆಯಲು ನನಗೂ ಆಸೆ. ಹೋಗಲಿಲ್ಲ. ಬೇರೆ ಕಚೇರಿಗೆ ಹೋದ. ಅಲ್ಲಿಯೂ ಡ್ರಾಯರುಗಳಿವೆ. ಆದರೆ ನಾವು ಒಂದು ಕಲಿತೆವು. ನಮ್ಮ ಸಂಘದಲ್ಲಿ ಈಗ ಘೋಷಣೆಗಿಂತ ಚೀಟಿ ಪುಸ್ತಕ ಹೆಚ್ಚು ಖರ್ಚಾಗುತ್ತದೆ. ಯಾರೇ ಕಚೇರಿಗೆ ಹೋದರೂ ಕೈಯಲ್ಲೊಂದು ಪುಸ್ತಕ. ಪಿಸುಗುಟ್ಟಿದರೆ "ಕಿವಿ ಕೇಳಿಸಲ್ಲ ಸಾರ್, ಗಟ್ಟಿಯಾಗಿ ಹೇಳಿ" ಎನ್ನುವುದು. ಗಟ್ಟಿಯಾಗಿ ಹೇಳಿದರೆ ಬರೆದುಕೊಂಡು "ಇಲ್ಲಿ ಸಹಿ" ಎನ್ನುವುದು. ಹತ್ತರಲ್ಲಿ ಆರು ಕಡೆ ಕೆಲಸ ಆಗುತ್ತದೆ. ಉಳಿದ ನಾಲ್ಕು ಕಡೆ ಧರಣಿ ಇದ್ದೇ ಇದೆ. ನಮ್ಮೂರಿನಲ್ಲಿ ದಿಢೀರನೆ ಹೆಚ್ಚಿದ ಈ ಕಿವುಡಿಗೆ ಕಾರಣವೇನೆಂದು ಡಾಕ್ಟರು ತಲೆ ಕೆರೆದುಕೊಳ್ಳುತ್ತಿದ್ದಾರಂತೆ.

ಟೇಪಕ್ಕನಿಗೆ ಮಳಿಗೆ ಸಿಕ್ಕಿತು. ಮಂಚವೂ ಗಂಡನೂ ಇದ್ದಲ್ಲೇ ಇದ್ದಾರೆ. ಮಳಿಗೆಯ ಬಾಗಿಲಲ್ಲಿ ಆ ಕೋಟು ತೂಗುತ್ತದೆ. ಕೊಳ್ಳಲು ಬಂದವರಿಗೆಲ್ಲ ಎಡ ಹೆಗಲು ಎತ್ತಿ ನಿಲ್ಲುತ್ತದೆ.

ಮೊನ್ನೆ ನನ್ನ ಪ್ಯಾಂಟಿನ ಅಂಚು ಮಡಿಸಲು ಕೊಟ್ಟೆ. ಅವಳು ಪುಸ್ತಕ ಮುಂದೆ ತಳ್ಳಿದಳು, ಬೆರಳಿಟ್ಟಳು, ನಾನು ಸಹಿ ಹಾಕಿದೆ.

"ಓದಿದ್ಯೇನಪ್ಪಾ?"

"ನಿನ್ನ ಚೀಟಿ ಓದೋದೇನಕ್ಕಾ!"

ನಾದಿನಿ ಗುಂಡಿ ಹೊಲಿಯುವುದು ಬಿಟ್ಟು ಬಾಯಿಗೆ ಸೆರಗು ಹಿಡಿದಳು. ಆಗ ಓದಿದೆ. ಕೂಲಿ: ಒಂದು ತಿಂಗಳು, ದಿನಾ ಬೆಳಿಗ್ಗೆ, ಮಳಿಗೆಯ ಮುಂದೆ ಕಸ ಗುಡಿಸುವುದು.

ಇವತ್ತಿಗೆ ನಾಲ್ಕನೇ ದಿನ. ಪ್ಯಾಂಟು ಇನ್ನೂ ಅವಳ ಹತ್ತಿರವೇ ಇದೆ.