ಮೇಷ್ಟ್ರ ಪಾಠವನ್ನು ಎಲ್ಲರೆದುರು ಕೇಳಿಸಿದ ದಿನ

ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನ್ನನ್ನು ಅಪ್ಪ ತೊಂಬತ್ತರ ದಶಕದ ಆರಂಭದಲ್ಲಿ ಕಾಕ್ಸ್‌ಟೌನಿನ ಇಂಗ್ಲಿಷ್ ಶಾಲೆಯೊಂದಕ್ಕೆ ಸೇರಿಸಿದರು. ಅಲ್ಲಿನ ಗಣಿತದ ಮೇಷ್ಟ್ರಿಗೆ ನಾನು 'ಜೀರೋ' ಎನ್ನುವ ರೀತಿ ಹಿಡಿಸಲಿಲ್ಲ. ಬೋರ್ಡಿನ ಪಕ್ಕ ನಿಲ್ಲಿಸಿ ಹತ್ತು ಸಲ ಹೇಳಿಸಿದರು, ಪ್ರತಿ ಸಲವೂ ನನ್ನಂತೆಯೇ ಅಣಕಿಸಿದರು. ಇಡೀ ತರಗತಿ ನಕ್ಕಿತು. ಆ ವರ್ಷವೆಲ್ಲ ಅವರ ಪಾಠದಲ್ಲಿ ನಾನು ಬಾಯಿ ಬಿಡಲಿಲ್ಲ. ಕೆ.ಆರ್. ಪುರದ ಬಸ್ಸಿನಲ್ಲಿ ಮನೆಗೆ ಹೋಗುವಾಗೆಲ್ಲ, ಇವರಿಗೆ ಒಂದು ದಿನ ತೋರಿಸುತ್ತೇನೆ ಎಂದುಕೊಳ್ಳುತ್ತಿದ್ದೆ.

ಹದಿನೈದು ವರ್ಷದ ಮೇಲೆ ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಗಲ್ಫ್ ದೇಶಗಳ ಮಕ್ಕಳಿಗೆ ಸಂಜೆ ಇಂಟರ್‌ನೆಟ್‌ನಲ್ಲಿ ಗಣಿತ ಹೇಳಿಕೊಡುವ ಕೆಲಸ. ಮಗುವಿನ ಮುಖ ಕಾಣುವುದಿಲ್ಲ, ಹೆಡ್‌ಫೋನಿನಲ್ಲಿ ದನಿ ಮಾತ್ರ. ಹೊಸ ಶಿಕ್ಷಕರ ಪಾಠದ ರೆಕಾರ್ಡಿಂಗ್ ಕೇಳಿ ತಿದ್ದುವುದು ನನ್ನ ಹೊಣೆ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ, ಮಗು ಸುಮ್ಮನಾದರೆ ಹೆಸರು ಹಿಡಿದು ಕರೆಯಿರಿ, ನಿಟ್ಟುಸಿರು ಬಿಡಬೇಡಿ, ಅದು ಅಲ್ಲಿಗೂ ಕೇಳಿಸುತ್ತದೆ ಎನ್ನುತ್ತಿದ್ದೆ.

ನಿವೃತ್ತರಾಗಿದ್ದ ಆ ಮೇಷ್ಟ್ರೇ ಅಲ್ಲಿಗೆ ಕೆಲಸಕ್ಕೆ ಬಂದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. "ಮೇಡಂ, ಈ ಮೌಸ್ ಹಿಡಿಯೋದೇ ಕಷ್ಟ, ಸ್ವಲ್ಪ ತೋರಿಸ್ಕೊಡಿ" ಎಂದರು. ತೋರಿಸಿಕೊಟ್ಟೆ. ಅವರು ತಪ್ಪು ಮಾಡುವುದನ್ನೇ ಕಾಯುತ್ತಿದ್ದೆ.

ಮೂರನೇ ವಾರ ಎಡವಿದರು. ದುಬೈನಲ್ಲಿದ್ದ ಕನ್ನಡದ ಮನೆಯೊಂದರ ಹುಡುಗಿ, ಎಂಟನೇ ಕ್ಲಾಸು, ಋಣ ಸಂಖ್ಯೆಯ ಲೆಕ್ಕ ತಪ್ಪು ಮಾಡಿದ್ದಳು. "ಇಷ್ಟೂ ಬರಲ್ವಾ? ತಲೇಲಿ ಏನ್ ತುಂಬ್ಕೊಂಡಿದೀಯ?" ಎಂದು ಗದರಿದ್ದರು. ಅಲ್ಲಿಂದಾಚೆ ಅವಳ ದನಿಯೇ ಇಲ್ಲ. 'ಯೆಸ್ ಸರ್' ಎಂದು ಟೈಪ್ ಮಾಡುತ್ತಾ ಹೋಗಿದ್ದಳು.

ಉಳಿದವರ ತಪ್ಪನ್ನು ನಾನು ಒಳಗೆ ಕರೆದು ಹೇಳುತ್ತಿದ್ದೆ. ಇವರ ಸರದಿಗೆ ಶಿಕ್ಷಕರನ್ನೆಲ್ಲ ಸೇರಿಸಿ ಆ ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ಹಾಕಿದೆ. ಆ ಮಾತು ಬಂದ ಕೂಡಲೇ ನಿಲ್ಲಿಸಿದೆ.

"ಸರ್, ಇದನ್ನೇ ಮಗು ಹೆದರದೇ ಇರೋ ಹಾಗೆ ಹೇಳಿ."

ಹೇಳಿದರು.

"ಇನ್ನೊಂದ್ಸಲ."

ನಾಲ್ಕನೇ ಸಲಕ್ಕೆ ಅವರ ದನಿ ನಡುಗಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನಗೆ ಬೇಕಾಗಿದ್ದದ್ದು ಆ ನಗುವೇ.

ಎಲ್ಲರೂ ಹೋದ ಮೇಲೆ ಅವರು ಅಲ್ಲೇ ಕೂತಿದ್ದರು. "ಮೇಡಂ, ನಾನು ನಿಮ್ಗೇನಾದ್ರೂ ಮಾಡಿದೀನಾ?"

ಶಾಲೆಯ ಹೆಸರು ಹೇಳಿದೆ, ನಡೆದದ್ದನ್ನು ಹೇಳಿದೆ. ಗುರುತು ಹಿಡಿಯಲು ನನ್ನ ಮುಖ ನೋಡಿದರು.

"ಜ್ಞಾಪಕ ಇಲ್ಲಮ್ಮ. ಎಷ್ಟೊಂದು ಮಕ್ಕಳು."

ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನ್ನ ಮೈ ಇನ್ನಷ್ಟು ಉರಿಯಿತು.

"ಆ ದುಬೈ ಹುಡುಗಿ ಹತ್ರ ಸಾರಿ ಕೇಳ್ಲಾ?" ಎಂದರು.

"ಬೇಡ ಸರ್. ನಾಳೆಯಿಂದ ಅವಳ ಕ್ಲಾಸ್ ನಾನೇ ತಗೋತೀನಿ."

ಮರುವಾರದಿಂದ ಅವರು ಕೆಲಸಕ್ಕೆ ಬರಲಿಲ್ಲ. ಅದು ತಿಳಿದ ದಿನ ಮನೆಗೆ ಹೋಗುವಾಗ ನನಗೆ ಹಬ್ಬದೂಟ ಉಂಡಷ್ಟು ತೃಪ್ತಿ.

ಹುಡುಗಿ ಹತ್ತು ದಿನ ನನ್ನೊಂದಿಗೂ ಬರೀ ಟೈಪ್ ಮಾಡಿದಳು. ಲೆಕ್ಕ ಬದಿಗಿಟ್ಟು ಶಾಲೆಯ ವಿಷಯ, ತಿಂಡಿಯ ವಿಷಯ ಕೇಳುತ್ತಾ ಹೋದೆ. ಒಂದು ಸಂಜೆ ಬಾಯಿಬಿಟ್ಟಳು.

"ಮಿಸ್, ನಾನು ತಪ್ಪು ಮಾಡಿದ್ದಕ್ಕೇ ಸರ್ ಬರೋದು ಬಿಟ್ರಾ?"

"ಇಲ್ಲ ಪುಟ್ಟಾ" ಎಂದೆ. ಅವಳು ನಂಬಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಅದನ್ನೇ ಕೇಳಿದಳು.

ಮೇಷ್ಟ್ರಿಗೆ ಮಾಡಿದ್ದರ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ. ಆದರೆ ಅವರು ಕೇಳಬೇಕೆಂದಿದ್ದ ಸಾರಿ ಆ ಮಗುವಿಗೆ ಸೇರಬೇಕಾಗಿತ್ತು. ಅದನ್ನು ತಡೆದವಳು ನಾನು.