ಹಗೇವಿನ ಅಜ್ಜಿಯೂ ಯೇಸುವೂ

"ಯೇಸು ಅನ್ನೋ ಮನುಷ್ಯ ನಿಜವಾಗ್ಲೂ ಇದ್ದ ಅನ್ನೋದಕ್ಕೆ ಏನಮ್ಮಾ ಆಧಾರ?" ಎಂದು ನಮ್ಮ ಮಾವನವರು ಪಕ್ಕದ ಮನೆಯ ಅಕ್ಕನನ್ನು ಕೇಳಿಬಿಟ್ಟರು. ಭಾನುವಾರ. ಅಕ್ಕ ಚರ್ಚಿನಿಂದ ನೇರವಾಗಿ ನಮ್ಮ ವರಾಂಡಕ್ಕೆ ಬಂದು ಕಾಫಿ ಲೋಟ ಹಿಡಿದು ಕೂತಿದ್ದರು. ಪ್ರಾರ್ಥನೆಯಲ್ಲಿ ಸೆರಗು ಹೊದ್ದಿದ್ದ ಗುರುತಿಗೆ ನೆತ್ತಿಯ ಕೂದಲು ಇನ್ನೂ ಚಪ್ಪಟೆಯಾಗಿತ್ತು.

ಮಾವನವರಿಗೆ ಕೆಟ್ಟ ಮನಸ್ಸಿರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಚರಿತ್ರೆಯ ಮೇಷ್ಟರಾಗಿ ನಿವೃತ್ತರಾದವರು. ಶಾಸನ ಬೇಕು, ನಾಣ್ಯ ಬೇಕು, ಆ ಕಾಲದವರೇ ಬರೆದ ಕಾಗದ ಬೇಕು ಎಂಬುದು ಅವರ ಉಸಿರಾಟದಷ್ಟೇ ಸಹಜವಾದ ಅಭ್ಯಾಸ. ಹೋದ ವಾರವಷ್ಟೇ ಫೋನಿನಲ್ಲಿ ಯಾರದೋ ಭಾಷಣ ಕೇಳಿದ್ದರು. ಒಂದೊಂದೇ ಬೆರಳು ಮಡಿಸುತ್ತಾ ಹೇಳಿದರು: ಅವನು ಬದುಕಿದ್ದಾಗ ಯಾರೂ ಒಂದಕ್ಷರ ಬರೆದಿಲ್ಲ, ಅವನ ಕಥೆಗಳನ್ನು ಬರೆದದ್ದು ಸತ್ತು ಎಷ್ಟೋ ವರ್ಷವಾದ ಮೇಲೆ, ಅದೂ ಅವನ ಕಡೆಯವರೇ.

ಅಕ್ಕ ನಿವೃತ್ತ ನರ್ಸ್. ನಮ್ಮ ಅತ್ತೆಗೆ ಆಪರೇಷನ್ ಆದಾಗ ಒಂದು ತಿಂಗಳು ದಿನಾ ಬಂದು ಇಂಜೆಕ್ಷನ್ ಹಾಕಿದವರು. ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಹಂಗಾದ್ರೆ ಅಷ್ಟು ವರ್ಷ ವಾರ್ಡ್‌ನಲ್ಲಿ ನಾನು ಯಾರ್ ಹತ್ರ ಮಾತಾಡ್ತಿದ್ದೆ ಸಾರ್?"

ಮಾವನವರು ನಕ್ಕರು. ಅದು ತಮಾಷೆ ಎಂದುಕೊಂಡರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಉಳಿದದ್ದನ್ನು ನಾನು ನೋಡಿದೆ.

ಮುಂದಿನ ಭಾನುವಾರ ಅಕ್ಕ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಚರ್ಚಿನಿಂದ ಹಿಂದಿನ ಬೀದಿ ಸುತ್ತಿಕೊಂಡು ಮನೆ ಸೇರುತ್ತಿದ್ದರು. ಕಾಂಪೌಂಡಿನ ಮೇಲಿಂದ ನಾನು ಕರೆದರೆ, "ಮಂಡಿ ನೋವು ತಂಗಚ್ಚಿ" ಅನ್ನುವರು. ಮಂಡಿ ನೋವಿದ್ದವರು ಉದ್ದದ ದಾರಿ ಹಿಡಿಯುವುದುಂಟೇ? ನಮ್ಮ ಮೂಕಂಡಪಲ್ಲಿ ಬಡಾವಣೆಯಲ್ಲಿ ಬಾಡಿಗೆಗೆ ಬಂದು ಹೋಗುವವರೇ ಹೆಚ್ಚು. ಹನ್ನೊಂದು ವರ್ಷದಿಂದ ನನಗೆ ಅಕ್ಕ ಎಂದು ಉಳಿದವರು ಇವರೊಬ್ಬರೇ. ಈ ಒಂದು ಮಾತಿಗೆ ಅವರನ್ನು ಕಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಕ್ರೈಸ್ತ ಹುಡುಗಿಯರಿಗೆ ಧರ್ಮಪಾಠ ನಡೆಯುವಾಗ ನಮಗೆ ಪಕ್ಕದ ಕೋಣೆಯಲ್ಲಿ ಮಾರಲ್ ಸೈನ್ಸ್. ನಡುವಿನ ಮರದ ತಡಿಕೆಯಿಂದ ಅವರ ಪಾಠವೂ ಕೇಳಿಸುತ್ತಿತ್ತು. ಆದರೆ ಮಾವನವರ ಎದುರು ಅಷ್ಟು ಸಾಲದು. ಮಧ್ಯಾಹ್ನ ಕೆಲಸ ಮುಗಿಸಿ, ಕನ್ನಡಕ ಹಾಕಿಕೊಂಡು, ಮೂರು ವಾರ ಓದಿದೆ. ಪರವಾಗಿ ಬರೆದವರನ್ನೂ ಓದಿದೆ, ಇರಲೇ ಇಲ್ಲ ಎಂದವರನ್ನೂ ಓದಿದೆ. ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟಗಳು ತುಂಬಿಹೋದವು.

ನಾಲ್ಕನೆಯ ಭಾನುವಾರ ತಳಿ ಊರಿನ ಕಡೆಯ ನಮ್ಮ ಹಳ್ಳಿಯಿಂದ ರಾಗಿ ಬಂದಿತ್ತು. ಹೊಸದನ್ನು ಸುರಿಯುವ ಮೊದಲು ಅಡಿಯಲ್ಲಿರುವ ಹಳೆಯದನ್ನು ತೆಗೆಯಬೇಕೆಂದು ಅತ್ತೆ ಪಡಸಾಲೆಯ ಮೂಲೆಯ ತಗಡಿನ ಡ್ರಮ್ಮಿನ ಮುಚ್ಚಳ ಎತ್ತಿ, ದೀಪ ಹಚ್ಚುತ್ತಿದ್ದರು. ಮಾವನವರು ಪೇಪರ್ ಓದುತ್ತಿದ್ದರು. ನಾನು ಅವರೆಕಾಯಿ ಮೊರ ತಂದು ಎದುರಿಗೆ ಕೂತೆ.

"ಮಾವ, ಹಗೇವಿನ ಅಜ್ಜಿ ನಿಜವಾಗ್ಲೂ ಇದ್ರಾ?"

ಪೇಪರ್ ಕೆಳಗಿಳಿಯಿತು. ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿಗೆ ಹುಲ್ಲು ಮಣ್ಣು ಮೆತ್ತಿ ಮುಚ್ಚಿರುತ್ತಾರೆ. ತೆರೆದ ಮೇಲೆ ಗಾಳಿಯಾಡಲು ಬಿಡಬೇಕು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಮಾವನವರ ತಾತನ ಅಕ್ಕ ಒಬ್ಬಳು, ಮಕ್ಕಳಿಲ್ಲದವಳು, ಅವಸರಕ್ಕೆ ಹಾಗೇ ಇಳಿದು ಒಳಗೇ ಉಸಿರುಕಟ್ಟಿ ಹೋಗಿಬಿಟ್ಟಳಂತೆ. ಹಿರಿಯರ ಹಬ್ಬದಲ್ಲಿ ಅವಳಿಗೂ ಒಂದು ಎಲೆ ಹಾಕುತ್ತೇವೆ.

"ಇದ್ಳಲ್ಲಮ್ಮ. ಅದೇನ್ ಹಂಗ್ ಕೇಳ್ತೀಯ?"

"ನೀವ್ ನೋಡಿದೀರಾ?"

"ನಾನೆಲ್ಲಿ ನೋಡ್ಲಿ. ನಮ್ಮಪ್ಪ ಹೇಳ್ತಿದ್ರು."

"ಅವರು ನೋಡಿದ್ರಾ?"

"ಇಲ್ಲ. ಅವ್ರಪ್ಪ ಹೇಳಿದ್ದು."

"ಕಾಗದ, ಪಟ್ಟಾ, ಫೋಟೋ?"

"ಆ ಕಾಲ್ದಲ್ಲಿ, ಅದೂ ಬಡವರ ಮನೆ ಹೆಂಗಸಿಗೆ ಯಾವ ಕಾಗದ ಮಾಡ್ತಿದ್ರಮ್ಮ?"

"ಮೂಲೆ ಹಳ್ಳಿ ಬಡಗಿ ಯೇಸುಗೆ ಯಾರ್ ಮಾವ ಶಾಸನ ಕೆತ್ತಿಸ್ತಾರೆ?"

ನಾನು ಅವರೆಕಾಯಿ ಬಿಡಿಸುತ್ತಲೇ ಇದ್ದೆ. ಮಾವನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ತರಗತಿಯಲ್ಲಿ ಜಾಣ ಪ್ರಶ್ನೆ ಬಂದಾಗ ಹೀಗೆ ಮಾಡುತ್ತಿದ್ದರೆಂದು ಅತ್ತೆ ಹೇಳಿದ್ದುಂಟು.

"ಕಾನ್ವೆಂಟಿನ ಸಿಸ್ಟರ್‌ಗಳು ಚೆನ್ನಾಗೇ ತಯಾರ್ ಮಾಡವ್ರೆ," ಎಂದರು. "ಆದ್ರೆ ನಂಬಿದೋರೇ ಕಟ್ಟಿದ ಕಥೆ ಇರ್ಬಹುದಲ್ಲ?"

"ಕಟ್ಟೋರು ಚೆನ್ನಾಗ್ ಕಟ್ತಾರೆ ಮಾವ. ನಮ್ಮನೆಯೋರು ಕಟ್ಟಿದ್ರೆ ಅಜ್ಜಿ ಹುಲಿ ಹೊಡೆದ್ಳು ಅಂತಿದ್ರು. ಆತುರಕ್ಕೆ ಗುಂಡಿಗಿಳಿದು ಸತ್ತಳು ಅಂತ ತಮ್ಮ ಮನೆಯೋಳ ಬಗ್ಗೆ ಯಾರ್ ಕಟ್ತಾರೆ? ಯೇಸು ಕಡೆಯೋರೂ ಅಷ್ಟೇ. ಬಿಡುಗಡೆ ಮಾಡೋಕೆ ರಾಜ ಬತ್ತಾನೆ ಅಂತ ಕಾಯ್ತಿದ್ದ ಜನ. ನಮ್ ರಾಜನ್ನ ಕಳ್ಳರ ಜೊತೆ ಶಿಲುಬೆಗೆ ಮೊಳೆ ಹೊಡೆದ್ರು ಅಂತ ಬೇಕೂಂತ ಕಥೆ ಕಟ್ತಾರಾ? ಕೇಳ್ದೋರು ನಗೋದಿಲ್ವಾ?"

"ಹೊರಗಿನೋರು ಯಾರ್ ಬರ್ದವ್ರೆ ಹೇಳು."

ಈ ಪ್ರಶ್ನೆಗಾಗಿಯೇ ಕಾದಿದ್ದೆ. ಕ್ರೈಸ್ತರನ್ನು ಕಂಡರಾಗದ ರೋಮಿನ ಇತಿಹಾಸಕಾರನೊಬ್ಬ ಆ ಮರಣದಂಡನೆಯ ಮಾತು ಬರೆದಿದ್ದಾನೆ ಎಂದೆ. ಅದು ನಂತರದ್ದು ಎಂದರು. ಒಪ್ಪಿದೆ. ಒಳಗಿನವನೇ ಆದರೂ, ಕ್ರೈಸ್ತರ ಗ್ರಂಥದ ಅತಿ ಹಳೆಯ ಪತ್ರಗಳನ್ನು ಬರೆದವನು ಯೇಸುವಿನ ತಮ್ಮನನ್ನು ಕಂಡು ಬಂದದ್ದನ್ನು ಬರೆದಿದ್ದಾನೆ ಎಂದೆ.

"ಇಲ್ದೆ ಇರೋ ಮನುಷ್ಯನಿಗೆ ತಮ್ಮ ಎಲ್ಲಿಂದ ಬತ್ತಾನೆ ಮಾವ?"

ಮಾವನವರು ಬಾಯಿ ತೆರೆದರು. ಅಷ್ಟರಲ್ಲಿ ಡ್ರಮ್ಮಿನ ಬಳಿಯಿಂದ ಅತ್ತೆಯ ದನಿ ಬಂತು. ದೀಪವನ್ನು ಡ್ರಮ್ಮಿನ ಬಾಯಲ್ಲಿ ಹಿಡಿದು ನಿಂತಿದ್ದರು. ಹಗೇವುಗಳೆಲ್ಲ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಸೊಂಟದೆತ್ತರದ ತಗಡಿನ ಡ್ರಮ್ಮಿನಲ್ಲಿ ಯಾರಿಗೂ ಉಸಿರುಕಟ್ಟುವುದಿಲ್ಲ. ಆದರೂ ನಮ್ಮ ಮನೆಯಲ್ಲಿ ದೀಪ ತೋರಿಸದೆ ಯಾರೂ ರಾಗಿಗೆ ಕೈಹಾಕುವುದಿಲ್ಲ.

"ಆ ಅಜ್ಜಿ ಇಲ್ದೆ ಹೋಗಿದ್ರೆ," ಎಂದರು ಅತ್ತೆ, "ನಾನ್ ಮದ್ವೆಯಾಗಿ ಬಂದಾಗಿಂದ ಈ ದೀಪ ಯಾಕ್ರೀ ಹಿಡೀತಿದೀನಿ? ನಿಮ್ ಶಾಸನ ಮಳೆಗೆ ಸವೀತದೆ. ಇದು ಸವೆದಿಲ್ಲ."

ಮೂರು ವಾರದ ನನ್ನ ಓದಿನಲ್ಲಿ ಈ ಮಾತು ಎಲ್ಲೂ ಸಿಕ್ಕಿರಲಿಲ್ಲ. ನಾನು ಅದರ ಹಿಂದೆಯೇ ಹೊರಟೆ. "ಅಕ್ಕನೂ ಪ್ರತಿ ಭಾನುವಾರ ಚರ್ಚಿಗೆ ಹೋಗಿ ಮಾಡೋದು ಅದನ್ನೇ. ಸಾಯೋ ಹಿಂದಿನ ದಿನ ಯೇಸು ರೊಟ್ಟಿ ಮುರಿದು ಕೊಟ್ಟ ಅಂತ ಇವತ್ತಿಗೂ ಮುರೀತಾರೆ. ಮೊದಲ್ನೇ ಸಲ ಮುರಿದೋನು ಒಬ್ಬ ಇರ್ಬೇಕಲ್ಲ ಮಾವ."

ಮಾವನವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ಪೂರ್ತಿ ರುಜುವಾತು ಇದಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಅವರು ನ್ಯಾಯವಾದ ಮೇಷ್ಟರು.

"ಮನುಷ್ಯ ಇದ್ದ," ಎಂದರು ಕೊನೆಗೆ. "ಇದ್ದ ಅನ್ನೋದೇ ಹೆಚ್ಚು ಸರಿ. ನೀರ ಮೇಲೆ ನಡೆದ, ಸತ್ತು ಎದ್ದ ಅನ್ನೋದು ಚರಿತ್ರೆ ಮೇಷ್ಟ್ರ ಕೈಗೆ ಸಿಗೋದಲ್ಲ."

"ಅದನ್ನ ನಾನೂ ಕೇಳ್ಲಿಲ್ಲ. ಆದ್ರೆ ಇಷ್ಟನ್ನ ನನ್ ಹತ್ರ ಹೇಳಿದ್ರೆ ಸಾಲ್ದು ಮಾವ. ಅಕ್ಕನ ಹತ್ರ ಹೇಳ್ಬೇಕು."

ಮದುವೆಯಾಗಿ ಬಂದಂದಿನಿಂದ ಅವರಿಗೆ "ಬೇಕು" ಎಂದು ನಾನು ಹೇಳಿದ್ದು ಅದೇ ಮೊದಲು. ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ, ಶರ್ಟು ಹಾಕಿಕೊಂಡು, ತೋಳಿನ ಗುಂಡಿಯನ್ನೂ ಹಾಕಿ ಬಂದರು. ಪಕ್ಕದ ಮನೆಗೆ ಅವರು ಹಾಗೆ ಹೊರಟದ್ದನ್ನು ನಾನು ಕಂಡಿರಲಿಲ್ಲ. ನಾನೂ ಹಿಂದೆಯೇ ಹೋದೆ.

ಅಕ್ಕ ಒದ್ದೆ ಕೈಯಲ್ಲೇ ಬಾಗಿಲು ತೆರೆದರು.

"ಅಮ್ಮಾ, ಅವತ್ತು ನಾನಂದಿದ್ದು ತಪ್ಪು," ಎಂದರು ಮಾವನವರು, ಹಾಜರಿ ಕೂಗುವ ದನಿಯಲ್ಲಿ. "ಯೇಸು ಇದ್ದ. ನಮ್ ಸೊಸೆ ನನ್ನ ಸೋಲಿಸ್ಬುಟ್ಳು."

ಅಕ್ಕ ಅವರನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣು ತುಂಬಿತ್ತು, ತುಟಿಯಂಚಿನಲ್ಲಿ ಮಾತ್ರ ನಗು.

"ಪಾಪ, ಯೇಸುಸ್ವಾಮಿ ನೀವ್ ಒಪ್ಕೊಳ್ಳೋ ತನಕ ಕಾಯ್ಕೊಂಡಿದ್ರೇನೋ ಸಾರ್," ಎಂದರು. "ಒಳಗ್ ಬನ್ನಿ, ಬಿಸಿಲಲ್ಲಿ ನಿಂತ್ಕೋಬೇಡಿ."

ನಾವು ಒಳಗೆ ಕೂತೆವು. ಐದು ನಿಮಿಷವೂ ಆಗಿರಲಿಲ್ಲ, ಮಾವನವರು ಕೆಮ್ಮಿ, ಆತ ಡಿಸೆಂಬರಿನಲ್ಲೇ ಹುಟ್ಟಿದ್ದೆಂಬುದಕ್ಕೆ ಏನು ಆಧಾರ ಎಂದು ಶುರು ಮಾಡಿದರು. ಅಕ್ಕ ಬೆನ್ನು ಒರಗಿಸಿ, ಕಾಲು ಚಾಚಿ, ನನ್ನ ಕಡೆ ಕೈ ತೋರಿಸಿದರು.

"ನಮ್ ಲಾಯರ್ ಇಲ್ಲೇ ಅವ್ರೆ ಸಾರ್. ಇನ್ಮೇಲೆ ಎಲ್ಲಾ ಅವರನ್ನೇ ಕೇಳಿ."