ಮಾರಿ ಗ್ವಾಡಿ ಕಡೆ

ಚಿಕ್ಕೋಡಿಯಲ್ಲಿ ನಾನು ಬಿಸಿಎ ಓದುವಾಗ ಮಾಹಿತಿ ಭದ್ರತೆ ಕಲಿಸುತ್ತಿದ್ದ ಸರ್ ಒಂದು ಕಡೆ ನಿಂತದ್ದನ್ನು ನಾನು ಕಾಣೆ. ಪಾಠ ಮಾಡುತ್ತಲೇ ಹೋಗಿ ಲ್ಯಾಬಿನ ಚಿಲಕ ಜಗ್ಗಿ ನೋಡುವರು, ಜೇಬಿನೊಳಗೆ ಕೀಲಿಗೊಂಚಲು ಗಲಗಲ ಅನ್ನಿಸುವರು. ಯಾರಾದರೂ ಪಾಸ್‌ವರ್ಡ್ ಹೊಡೆಯಲು ಕೂತರೆ ಸಾಕು, "ಮಾರಿ ಗ್ವಾಡಿ ಕಡೆ ಮಾಡ್ರಿ" ಎನ್ನುತ್ತಿದ್ದರು. ಉಳಿದವರೆಲ್ಲ ಗೋಡೆಗೆ ಮುಖ ಮಾಡಬೇಕು. ಜತೆಗೇ ಉಣ್ಣುವ ಗೆಳತಿಯರ ಮೇಲೆ ಇದೆಂಥ ಅನುಮಾನವೆಂದು ನನಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಅಥಣಿಯಿಂದ ಅಪ್ಪ ನೇರ ಲ್ಯಾಬಿಗೇ ಬಂದ. ನಾನು ಯಾವನಿಗೋ ಮೇಲ್ ಬರೆಯುತ್ತೇನೆಂದು ಯಾರೋ ಅವನ ಕಿವಿ ಊದಿದ್ದರು.

"ನಿನ್ನ ಮೇಲ್ ತಗಿ, ಏನೇನ್ ಬಂದೈತಿ ನೋಡೂನು. ಇಲ್ಲಾಂದ್ರ ಇವತ್ತಿಗೆ ಕಾಲೇಜ ಸಾಕು."

ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮೇಲ್ ತೆಗೆಯಲು ಕೂತೆ, ಪಾಸ್‌ವರ್ಡ್ ಕೇಳಿತು.

ಕೀಲಿಗೊಂಚಲಿನ ಸದ್ದು ನಿಂತಿತು. "ಸಾವ್ಕಾರ್ರ, ಮಾರಿ ಗ್ವಾಡಿ ಕಡೆ ಮಾಡ್ರಿ" ಎಂದ ಸರ್, ತಾವೇ ಮೊದಲು ತಿರುಗಿದರು. ಹಿಂದೆಯೇ ಇಡೀ ಕ್ಲಾಸು ತಿರುಗಿತು. ಅಷ್ಟೂ ಬೆನ್ನುಗಳ ನಡುವೆ ಅಪ್ಪ ಒಬ್ಬನೇ ನನ್ನನ್ನು ನೋಡುತ್ತ ನಿಂತ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ನಿಧಾನಕ್ಕೆ ಗೋಡೆಯತ್ತ ತಿರುಗಿದ.

"ಆತೇನವಾ?" ಎಂದು ಗೋಡೆ ನೋಡುತ್ತಲೇ ಕೇಳಿದ.

ಆಗಲೇ ಆಗಿತ್ತು.

"ಇನ್ನೊಂದೀಟ ತಡಿ ಅಪ್ಪಾ" ಅಂದೆ.